ಓಡಿಹೋದವರ ಪಟ್ಟಿ

ಟುಬ್ಲಿ, ಬಹರೇನ್, ೧೪ ಮೇ ೨೦೦೯
ಮಧ್ಯಾಹ್ನ ೩.೨೦

ಮಾನ್ಯ ಅಭಿನಂದನ್ ಅವರಿಗೆ,

ನಾನು ಟುಬ್ಲಿ ವರ್ಕ್‌ಶಾಪಿನಲ್ಲಿ ಹಾಜರಿ ಬರೆಯುವ ಟೈಮ್‌ಕೀಪರ್. ಮನಾಮಾದ ಹೆಡ್ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ನೀವು ಮೈಸೂರಿನವರೆಂದು ಗೊತ್ತಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಾನು ಸರ್ವರಿಗೆ ಹಾಕಿದ, ಕೆಲಸ ಬಿಟ್ಟು ಓಡಿಹೋದವರ ಪಟ್ಟಿಯಲ್ಲಿ ವೆಲ್ಡರ್ ಮುಂಡಪ್ಪನ ಹೆಸರಿದೆ. ಅವನು ಓಡಿಹೋಗಿರಲಿಲ್ಲ, ಆಸ್ಪತ್ರೆಯಲ್ಲಿದ್ದ. ವಿಚಾರಿಸದೆ ಬರೆದದ್ದು ನನ್ನ ತಪ್ಪು. ಈಗ ಡಿಸ್ಚಾರ್ಜ್ ಚೀಟಿ ಹಿಡಿದು ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದಾನೆ.

ಸರ್ವರಿನಲ್ಲಿ ನಮಗೆ ಕೊಟ್ಟಿರುವ ಫೋಲ್ಡರಿಗೆ ಫೈಲು ಹಾಕಬಹುದು, ಅಷ್ಟೆ. ತೆರೆದು ನೋಡಲು, ಅಳಿಸಲು ಅನುಮತಿಯಿಲ್ಲ. ತಿದ್ದಿದ ಪಟ್ಟಿಯನ್ನು ಅದೇ ಫೈಲ್ ಹೆಸರಿನಲ್ಲಿ ಕಳಿಸಿದರೂ ಸರ್ವರ್ ತೆಗೆದುಕೊಳ್ಳುತ್ತಿಲ್ಲ. "ಹಾಕಿದ್ದು ನೀವೇ ಅಲ್ವಾ, ತೆಗೀಲಿಕ್ಕೆ ನಿಮಗೇ ಆಗುದಿಲ್ವಾ?" ಎಂದು ಮುಂಡಪ್ಪ ಮೂರು ಸಲ ಕೇಳಿದ.

ನಾಲ್ಕು ಗಂಟೆಗೆ ಪಟ್ಟಿ ಅಲ್ಲಿಂದ ತಾನಾಗಿ ವಲಸೆ ಇಲಾಖೆಗೆ ಹೋಗುತ್ತದೆ, ಅದರಲ್ಲಿರುವವರ ವೀಸಾ ರದ್ದಾಗುತ್ತದೆ. ದಯವಿಟ್ಟು ಅದಕ್ಕೆ ಮೊದಲು ಆ ಫೈಲನ್ನು ಅಳಿಸಿಬಿಡಿ.

ನಿಮ್ಮ ಫೋನನ್ನು ಯಾರೂ ಎತ್ತುತ್ತಿಲ್ಲ. ಇಮೇಲ್ ವಿಳಾಸ ನನ್ನಲ್ಲಿಲ್ಲ. ಹಾಗಾಗಿ ಈ ಪತ್ರವನ್ನೂ ಅದೇ ಫೋಲ್ಡರಿಗೆ ಹಾಕುತ್ತಿದ್ದೇನೆ. ನೀವು ತೆರೆದಿರೋ ಇಲ್ಲವೋ ನನಗೆ ಇಲ್ಲಿಂದ ಕಾಣಿಸುವುದಿಲ್ಲ. ಖಂಡಿತ ನೋಡುತ್ತಾರೆ ಎಂದು ಮುಂಡಪ್ಪನಿಗೆ ಹೇಳಿದ್ದೇನೆ. ಅದನ್ನು ನಂಬಿ ಅವನು ಈಗ ಕುರ್ಚಿಯಲ್ಲಿ ಕುಳಿತಿದ್ದಾನೆ.

ನಿಮ್ಮ ಫೋನಿಗಾಗಿ ಇಲ್ಲೇ ಕಾಯುತ್ತಿರುವ,
ಜಯಂತ್