ಫ್ರಿಜ್ಜಿನ ಮೂಲೆಯ ಹುಳಿಹಿಟ್ಟು

ಅತ್ತಿಗೆಗೆ ನಮಸ್ಕಾರ,

ನಾನು ಆಸ್ಪತ್ರೆ ಸೇರಿದ ಮೇಲೆ ಬೇಕರಿ ನಿಮ್ಮ ತಲೆಗೆ ಬಿತ್ತು. ಇವತ್ತು ಫ್ರಿಜ್ ತೊಳೀತೀರಂತೆ, ಅಣ್ಣ ಹೇಳಿದ. ದಮ್ಮಯ್ಯ ಅಂತೀನಿ, ಹಿಂದಿನ ಮೂಲೆಯ ಗಾಜಿನ ಭರಣಿ ಚೆಲ್ಲಬೇಡಿ. ಅದು ಬ್ರೆಡ್ ಉಬ್ಬಿಸೋ ಹುಳಿಹಿಟ್ಟು. ಮೇಲೆ ಕಪ್ಪು ನೀರು ನಿಂತು ಸತ್ತ ಹಾಗೆ ಕಾಣುತ್ತೆ. ಸತ್ತಿಲ್ಲ, ಹೊಟ್ಟೆಗಿಲ್ಲದೆ ಮಲಗಿದೆ.

ನನ್ನ ಹೃದಯದ್ದೂ ಅದೇ ಕಥೆಯಂತೆ. ಒಂದು ಭಾಗ ಕೆಲಸ ನಿಲ್ಲಿಸಿದೆ. ಅದು ಹೋಯ್ತು ಅಂತಲೇ ನಾನು ಆಸೆ ಬಿಟ್ಟಿದ್ದೆ. ಸ್ಕ್ಯಾನ್ ನೋಡಿದ ಡಾಕ್ಟರು, "ಜೀವ ಇದೆ, ರಕ್ತ ಸಾಲದೆ ನಿದ್ದೆ ಹೋಗಿದೆ, ದಾರಿ ಮಾಡಿಕೊಟ್ಟರೆ ಏಳಬಹುದು" ಅಂದರು. ನಾಳೆ ಬೈಪಾಸ್. ನನಗೋ ಹೆದರೋಕೂ ಸುಸ್ತು ಅತ್ತಿಗೆ.

ನೀವು ಆ ಭರಣಿಗೆ ಒಂದು ಹಿಡಿ ಹಿಟ್ಟು, ಉಗುರುಬೆಚ್ಚಗಿನ ನೀರು ಕಲಸಿ ಭಟ್ಟಿಯ ಪಕ್ಕ ಇಡಿ. ಸಂಜೆಗೇ ಉಬ್ಬಲಿಲ್ಲ ಅಂತ ಚರಂಡಿಗೆ ಸುರಿದುಬಿಟ್ಟೀರಿ, ನಿಮ್ಮ ಚೊಕ್ಕಟತನ ನನಗೆ ಗೊತ್ತು. ಮರುದಿನವೂ ಹಾಕಿ, ಅದರ ಮರುದಿನವೂ ಹಾಕಿ. ತುಂಬ ದಿನ ಹಸಿದದ್ದು ಏಳೋದು ನಿಧಾನ.

ಆಪರೇಷನ್ ಆದ ಕೂಡಲೇ ನಾನು ಎದ್ದು ಓಡಾಡಲಿಲ್ಲ ಅಂತ ಅಣ್ಣ ಗಾಬರಿಬಿದ್ದರೆ, ಅವನಿಗೂ ಇದನ್ನೇ ಹೇಳಿ.

ನಿಮ್ಮ ಮೈದುನ