ಗಂಟಜ್ಜಿ ತಟ್ಟಿದ ಬಾಗಿಲು

ಬೀಗದ ಅಂಗಡಿಯಿಂದ,
ಹನ್ನೆರಡನೇ ತಾರೀಕು, ಮಂಗಳವಾರ

ಪ್ರೀತಿಯ ಯಾಕಮ್ಮನಿಗೆ,

ನಿನ್ನ ಬೀಗದ ಮಾವ ಮಾಡುವ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಕಲ್ಲಿನ ಧೂಳಿಗೆ ಕೆಮ್ಮು ಹತ್ತಿಕೊಂಡಿದೆ ಎಂದು ಬರೆದಿದ್ದೆಯಲ್ಲ, ಬಿಟ್ಟಿತೇ? ಬೆಟ್ಟದ ಹೊಟ್ಟೆಯೊಳಗೆ ಕೂತು ಸುರಂಗ ಅಳೆಯುವವಳು ಬಿಸಿಲು ಕಾಣುತ್ತಾಳೋ ಇಲ್ಲವೋ ಎಂದು ನಿಮ್ಮಮ್ಮ ಗೊಣಗುತ್ತಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೋ. ಚೆಂದ ಕಾಣುವುದಿಲ್ಲ ಎಂದು ಬಿಚ್ಚಿಡಬೇಡ. ಅಲ್ಲಿ ನಿನ್ನನ್ನು ನೋಡುವವರು ಬಾವಲಿಗಳು ಮಾತ್ರ, ಅವೂ ತಲೆಕೆಳಗಾಗಿ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪ ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ನಿಮ್ಮಮ್ಮ ಶರ್ಟಿನ ಕಾರ್ಖಾನೆಯಲ್ಲಿ ಎಂದಿನಂತೆ ಗುಂಡಿಯ ಕಾಜಾ ಹೊಲಿಯುತ್ತಾಳೆ. ನಾನು ಎಂದಿನಂತೆ ಇದ್ದೇನೆ ಎಂದು ಬರೆಯಲು ಹೊರಟೆ, ಪೆನ್ನು ಒಪ್ಪಲಿಲ್ಲ.

ನಿನ್ನ ಪತ್ರವನ್ನು ಅಂಗಡಿಯಲ್ಲಿ ಕೀಗೊಂಚಲುಗಳ ನಡುವಿನ ಮೊಳೆಗೆ ಸಿಕ್ಕಿಸಿದ್ದೇನೆ. ಅಲ್ಲಿಂದಲೇ ಅದು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದೆ. ನಿನ್ನ ಆಟದ ಪುಸ್ತಕದಿಂದ ತೆಗೆದ ಸಿನಿಮಾ ಬಗ್ಗೆ ನೀನು ಕೇಳಿರುವುದು ಒಂದೇ ಪ್ರಶ್ನೆ. ‘ಈ ಬೆಟ್ಟಕ್ಕೆ ಫೋನೂ ಹತ್ತುವುದಿಲ್ಲ, ಸಿನಿಮಾವೂ ಬರುವುದಿಲ್ಲ, ಎರಡನೇ ಭಾಗ ತೆಗೆಯಲು ನಿರ್ದೇಶಕರು ನನ್ನ ಸಹಿ ಕೇಳಿದ್ದಾರೆ, ಮಾವ ನೋಡಿ ಹೇಳಿದ ಮೇಲೆ ಸಹಿ ಹಾಕುತ್ತೇನೆ, ಸಿನಿಮಾದಲ್ಲಿ ನಮ್ಮ ಆಟ ಇದೆಯಾ’ ಅಂತ. ನೋಡು, ಹಳ್ಳಿಯ ಶಾಲೆಯಲ್ಲಿ ನನ್ನ ಕಿವಿ ಹಿಂಡಿ ಹಿಂಡಿ ಉದ್ದ ಮಾಡಿದ ಮೇಷ್ಟ್ರು ಈಗ ಬದುಕಿದ್ದಿದ್ದರೆ, ಈ ದಡ್ಡನ ಒಂದು ಮಾತಿಗೆ ಸಿನಿಮಾದವರು ಕಾದು ಕೂತಿದ್ದಾರೆ ಎಂದು ಕೇಳಿ ಇನ್ನೊಂದು ಸಲ ಸಾಯುತ್ತಿದ್ದರು. ಆ ಜಂಬದಲ್ಲೇ ನಿನಗೆ ಉತ್ತರ ಬರೆಯಲು ಕೂತೆ. ‘ಸಿನಿಮಾ ಅದ್ಭುತವಾಗಿದೆ, ಕಣ್ಣು ಮುಚ್ಚಿ ಸಹಿ ಹಾಕು’ ಎಂದು ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಅಂಗಡಿಯ ಕಸದ ಡಬ್ಬಿಯಲ್ಲಿ ಈಗ ಲೋಹದ ಪುಡಿಗಿಂತ ನನ್ನ ಸುಳ್ಳೇ ಜಾಸ್ತಿ ಇದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಕೋಟೆ ನೀನು ಬರೆದ ನಕ್ಷೆಯ ಹಾಗೇ ಇದೆ, ಒಂದು ಕಿಟಕಿಯೂ ಹೆಚ್ಚುಕಮ್ಮಿ ಇಲ್ಲ. ದೈತ್ಯನ ಕಿವಿಯಲ್ಲಿ ಬೆಳೆದ ಕೂದಲು ಸಹ ಗಾಳಿಗೆ ಅಲ್ಲಾಡುತ್ತದೆ. ನಾವು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡಿದ ನಿನ್ನ ‘ಕೋಟೆಯಾಚೆ’ ಆಟದ ಪುಸ್ತಕ ಓದಿ ಬಾಯಿಪಾಠ ಮಾಡಿದವರು ನನ್ನ ಪಕ್ಕದಲ್ಲೇ ಇದ್ದರು. ಪ್ರತಿ ಕತ್ತಿ ಬಂದಾಗಲೂ ಅದರ ಹೆಸರು ಹೇಳಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನಿಮ್ಮಪ್ಪನ ಮರದ ಮನುಷ್ಯ ಬಂದಾಗಲಂತೂ ಇಡೀ ಥಿಯೇಟರು ನಕ್ಕಿತು. ನೆನಪಿದೆಯಲ್ಲ, ಆಟದಲ್ಲಿ ಯಾವ ಪಾತ್ರ ಬೇಕು ಎಂದು ನೀನು ಕೇಳಿದಾಗ, ಮಾತಾಡುವ ಕಷ್ಟ ತಪ್ಪಲಿ ಎಂದು ಭಾವ ಮರ ಆದರು. ಯುದ್ಧದ ಮಧ್ಯೆ ‘ನಾನು ನಿಂತಲ್ಲೇ ನಿದ್ದೆ ಮಾಡ್ತೀನಿ’ ಎಂದರು. ಅದನ್ನು ಹಾಗೆಯೇ ತೆಗೆದಿದ್ದಾರೆ. ಸುತ್ತ ಬಾಣ ಹಾರುತ್ತಿವೆ, ಮರ ಗೊರಕೆ ಹೊಡೆಯುತ್ತಿದೆ, ಉಳಿದವರು ಅದರ ಹಿಂದೆ ಅಡಗಿ ‘ಸದ್ದು ಮಾಡ್ಬೇಡಿ, ಎದ್ದುಬಿಟ್ಟೀತು’ ಎನ್ನುತ್ತಾರೆ. ಅಷ್ಟು ಹೊತ್ತು ನಮ್ಮ ಊಟದ ಮೇಜೇ ಪರದೆಯ ಮೇಲೆ ಬಂದ ಹಾಗಿತ್ತು. ಆಮೇಲೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ನೀನು ಕೇಳುತ್ತೀಯ. ಹುಟ್ಟಿದಾಗಿನಿಂದ ಯಾಕೆ ಯಾಕೆ ಎಂದು ಕೇಳಿದ್ದಕ್ಕೇ ಅಲ್ಲವೇ ನಿನಗೆ ಆ ಹೆಸರು. ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ, ಬೇರೆ ಮಾತು ನನಗೆ ಬರುವುದಿಲ್ಲ. ಜನ ಸವೆದ ಕೀ ತಂದು, ಇದರ ಹಾಗೇ ಇನ್ನೊಂದು ಮಾಡಿಕೊಡಿ ಅನ್ನುತ್ತಾರೆ. ಹೊಸಬನಾದರೆ ಹಲ್ಲಿಗೆ ಹಲ್ಲು ಅಳೆದು ಕೊರೆದು ಕೊಡುತ್ತಾನೆ. ಸವೆದದ್ದನ್ನೂ ಸೇರಿಸಿ ನಕಲು ಮಾಡಿರುತ್ತಾನೆ. ಹೊಸ ಕೀ ಥಳಥಳ ಹೊಳೆಯುತ್ತದೆ, ಬೀಗ ಮಾತ್ರ ತೆಗೆಯುವುದಿಲ್ಲ. ಕೈ ಪಳಗಿದವನು ಕೀ ಪಕ್ಕಕ್ಕಿಟ್ಟು, ಮೊದಲು ಬೀಗ ತಗೊಂಡು ಬನ್ನಿ ಅನ್ನುತ್ತಾನೆ. ಒಳಗಿನ ಯಾವ ಪಿನ್ನು ಎಲ್ಲಿ ಮೇಲೇಳುತ್ತದೆ ಎಂದು ನೋಡುತ್ತಾನೆ. ನಿನ್ನ ಪುಸ್ತಕದ ಕತ್ತಿ, ಟೋಪಿ, ಮಂತ್ರ, ದೈತ್ಯ ಎಲ್ಲ ಕೀ. ಬೀಗ ಇದ್ದದ್ದು ಭಾನುವಾರ ಮಧ್ಯಾಹ್ನ ತಟ್ಟೆ ಎತ್ತಿದ ಮೇಲೆ ನಮ್ಮ ಮೇಜಿನ ಸುತ್ತ. ನೀನು ರಟ್ಟು ನಿಲ್ಲಿಸಿ, ಅದರ ಹಿಂದೆ ನಕ್ಷೆ ಬಚ್ಚಿಟ್ಟು, ‘ಕೋಟೆ ಮುಂದೆ ನಿಂತಿದ್ದೀರಿ, ಈಗೇನ್ ಮಾಡ್ತೀರಿ?’ ಎನ್ನುತ್ತಿದ್ದೆ. ನಾವು ಏನು ಬೇಕಾದರೂ ಹೇಳಬಹುದಿತ್ತು, ಆಗುತ್ತದೋ ಇಲ್ಲವೋ ಎನ್ನುವುದು ಆ ಇಪ್ಪತ್ತು ಮುಖದ ದಾಳದ ಕೈಯಲ್ಲಿತ್ತು. ಒಮ್ಮೆ ದಾಳ ಉರುಳಿ ಬೀರುವಿನ ಕೆಳಗೆ ಹೋದಾಗ ನಾಲ್ಕೂ ಜನ ನೆಲದ ಮೇಲೆ ಬೋರಲು ಮಲಗಿ, ಎಷ್ಟು ಬಿತ್ತು ಎಂದು ಇಣುಕಿದೆವಲ್ಲ, ಮರ ಕೂಡ ಬಾಗಿತ್ತಲ್ಲ, ಆ ಉಸಿರು ಹಿಡಿದ ಗಳಿಗೆ ಇದೆಯಲ್ಲ, ಅದೇ ಬೀಗ. ಪರದೆಯ ಮೇಲೆ ದಾಳ ಉರುಳಿಸಿ ತೋರಿಸಬೇಕು ಎಂದು ನಾನು ಹೇಳುತ್ತಿಲ್ಲ. ಮುಂದೆ ಏನಾಗುತ್ತದೆ ಎಂದು ಕೋಟೆಯ ಮುಂದೆ ನಿಂತವರಿಗೇ ಗೊತ್ತಿರಬಾರದು. ಒಬ್ಬರು ಪೆದ್ದುಪೆದ್ದಾಗಿ ಏನೋ ಮಾಡಲು ಹೊರಡಬೇಕು, ಉಳಿದವರು ತಲೆ ಚಚ್ಚಿಕೊಂಡಾದರೂ ಅವರ ಹಿಂದೆ ಹೋಗಬೇಕು. ಅಷ್ಟಿದ್ದರೆ ಕತ್ತಿಯ ಹೆಸರು ತಪ್ಪಿದರೂ ನಡೆಯುತ್ತದೆ.

ನಿರ್ದೇಶಕರದ್ದು ಇದರಲ್ಲಿ ತಪ್ಪಿಲ್ಲ. ಅವರು ಕೈ ಪಳಗಿದವರೇ. ಬೀಗ ನೋಡಬೇಕು ಎಂದೇ ಅವರು ನನ್ನ ಅಂಗಡಿಗೆ ಬಂದರು. ನೀನೇ ಅಲ್ಲವೇ ಬೆಟ್ಟ ಹತ್ತುವ ಮೊದಲು, ಮಾವ ಮೊದಲ ದಿನದಿಂದ ಆಡಿದವರು, ಅವರನ್ನು ಕೇಳಿ ಎಂದು ಹೇಳಿ ಹೋದದ್ದು. ನಾನು ಅವರಿಗೆ ಬೇರೆ ಬೀಗ ತೋರಿಸಿ ಕಳಿಸಿಬಿಟ್ಟೆ.

ಹೇಗೆಂದರೆ, ಚಹಾ ಕುಡಿಯುತ್ತಾ ಅವರು, ಕೋಟೆಯ ಹೆಬ್ಬಾಗಿಲು ಹೇಗೆ ತೆಗೆದಿರಿ ಎಂದು ಕೇಳಿದರು. ಪ್ರತಿ ಮನೆಯವರೂ ಆ ಬಾಗಿಲನ್ನು ತಮಗೆ ತೋಚಿದಂತೆ ತೆಗೆಯಲಿ ಎಂದು ನೀನು ಪುಸ್ತಕದಲ್ಲಿ ಅದನ್ನು ಬರೆದಿಲ್ಲ. ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಬೀಗ ಮುರಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಮೀಸೆ ತಿರುವಿ, ನಾನು ‘ಗಾಳಿಬೆರಳ’ ಎಂಬ ಕಳ್ಳನ ಪಾತ್ರ ತೆಗೆದುಕೊಂಡಿದ್ದೆ. ಇಡೀ ಮಧ್ಯಾಹ್ನ ದಾಳ ಹಾಕಿದೆ. ಒಂದು, ಎರಡು, ಮತ್ತೆ ಒಂದು. ತಂತಿ ಮುರಿಯಿತು, ಬೆರಳು ಸಿಕ್ಕಿಕೊಂಡಿತು, ಕೊನೆಗೆ ನನ್ನ ಪೈಜಾಮವೇ ಬಾಗಿಲಿಗೆ ಸಿಕ್ಕಿ ಹರಿಯಿತು. ನಿನಗೆ ನಗು ತಡೆಯಲಾಗುತ್ತಿರಲಿಲ್ಲ. ಆಗ ನಿಮ್ಮಮ್ಮ, ನನ್ನ ಅಕ್ಕ, ಹೊಲಿಗೆ ಕೆಳಗಿಟ್ಟು, ಬೆನ್ನ ಮೇಲೆ ಗಂಟು ಹೊತ್ತ ತನ್ನ ಪಾತ್ರ ಗಂಟಜ್ಜಿಯ ದನಿಯಲ್ಲಿ ಕೇಳಿದಳು: ‘ಅಲ್ಲ, ಯಾರಾದ್ರೂ ಬಾಗಿಲು ತಟ್ಟಿ ನೋಡಿದ್ರಾ?’ ನೀನು ರಟ್ಟಿನ ಹಿಂದೆ ಬಾಯಿ ಬಿಟ್ಟುಕೊಂಡು ಕೂತೆ. ಅದಕ್ಕೆ ನಿನ್ನ ಹತ್ತಿರ ನಿಯಮವೇ ಇರಲಿಲ್ಲ. ದಾಳ ಹಾಕಿಸಿದೆ, ಹತ್ತೊಂಬತ್ತು ಬಿತ್ತು. ದೈತ್ಯ ಬಂದು ಬಾಗಿಲು ತೆಗೆದ. ಇಷ್ಟು ವರ್ಷದಲ್ಲಿ ಒಬ್ಬರಾದರೂ ತಟ್ಟಿದರಲ್ಲ ಎಂದು ಅವನ ಕಣ್ಣು ಒದ್ದೆಯಾಗಿದೆ ಎಂದು ನೀನು ಹೇಳಿದೆ. ಅಕ್ಕ ಬೇರೆ ಇನ್ನೇನು ಮಾಡುತ್ತಾಳೆ ಹೇಳು. ತೆರೆದ ಬಾಗಿಲನ್ನೂ ತಟ್ಟಿ ಒಳಗೆ ಬರುವವಳು. ಚಿಕ್ಕವನಿದ್ದಾಗ ಅದಕ್ಕೇ ಅವಳನ್ನು ‘ಮರಕುಟಿಗ’ ಎಂದು ಕರೆದು ಓಡುತ್ತಿದ್ದೆ.

ಇದೆಲ್ಲ ನಿರ್ದೇಶಕರಿಗೆ ಹೇಳಬೇಕಿತ್ತು. ಆದರೆ ಸಿನಿಮಾದವರ ಮುಂದೆ, ಅದೂ ನನ್ನ ಸ್ವಂತ ಅಂಗಡಿಯಲ್ಲಿ, ತಲೆಯ ಮೇಲೆ ಅಷ್ಟೊಂದು ಬೀಗ ತೂಗುತ್ತಿರುವಾಗ, ನನ್ನ ಕೈಯಲ್ಲಿ ಬೀಗ ತೆಗೆಯಲಾಗಲಿಲ್ಲ ಎಂದು ಹೇಗೆ ಹೇಳಲಿ? ‘ಒಂದು ತಂತಿ ಹಾಕಿದೆ, ಟಕ್ ಅಂತು’ ಎಂದುಬಿಟ್ಟೆ. ಅವರು ತಲೆದೂಗಿದರು. ಆಮೇಲೆ ಯೋಚಿಸಿ, ಹಾಗಾದರೆ ಆ ಗಂಟಿನ ಅಜ್ಜಿಗೆ ಕಥೆಯಲ್ಲಿ ಏನು ಕೆಲಸ ಎಂದು ಕೇಳಿದರು. ಆಗಲೂ ಬಾಯಿ ಬಿಡಬಹುದಿತ್ತು, ಯಾಕಮ್ಮಾ. ಚಹಾ ಲೋಟ ತೊಳೆಯುವ ನೆಪ ಮಾಡಿ ಎದ್ದುಹೋದೆ. ನಾನು ವಾಪಸು ಬರುವಷ್ಟರಲ್ಲಿ ಅಜ್ಜಿ ಸಿನಿಮಾದಿಂದ ಹೋಗಿದ್ದಳು.

ಅಕ್ಕನಿಗೆ ಇದು ಯಾವುದೂ ತಿಳಿಯದು. ಅವಳು ಕಾರ್ಖಾನೆಯಲ್ಲಿ ತನ್ನ ಸಾಲಿನ ಹೆಂಗಸರಿಗೆಲ್ಲ ಗಂಟಜ್ಜಿ ತಟ್ಟುವ ಕಥೆ ಹೇಳಿ, ಸಿನಿಮಾದಲ್ಲಿ ನೋಡಿ ಎಂದು ಹೇಳಿಕೊಂಡಿದ್ದಳು. ಮೊದಲ ಪ್ರದರ್ಶನದ ದಿನ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಭಾವನ ಜೊತೆ ಬಂದಳು. ಅವರಿಬ್ಬರೂ ಹಿಂದಿನ ಸಾಲಿನಲ್ಲಿ. ನಾನು ಸಲಹೆಗಾರ ನೋಡು, ಸಿನಿಮಾದವರ ಜೊತೆ ಮುಂದಿನ ಸಾಲಿನಲ್ಲಿ. ವಿರಾಮ ಮುಗಿದ ಕೂಡಲೇ ಹೆಬ್ಬಾಗಿಲು ಬಂತು. ಸುಂದರನಾದ ಗಾಳಿಬೆರಳ ತಂತಿ ಹಾಕಿದ, ಟಕ್ ಅಂತು. ನನ್ನ ಸಾಲಿನವರು ಚಪ್ಪಾಳೆ ತಟ್ಟಿದರು, ನಾನು ಕಾಲರ್ ಸರಿಮಾಡಿಕೊಂಡೆ. ಹಿಂದಿನಿಂದ ಪಾಪ್‌ಕಾರ್ನ್ ಪೊಟ್ಟಣದ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಒಬ್ಬರೂ ಉಸಿರು ಹಿಡಿದಿರಲಿಲ್ಲ. ಹಿಡಿಯುವಂಥದ್ದು ಏನಿತ್ತು? ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಥಿಯೇಟರಿನ ಮೆಟ್ಟಿಲ ಮೇಲೆ ಅಕ್ಕ ನನಗಾಗಿ ನಿಂತಿದ್ದಳು. ‘ವಿರಾಮದಲ್ಲಿ ನೀರು ಕುಡಿಯೋಕೆ ಹೋದೆ ಕಣೋ, ಸಾಲು ಉದ್ದ ಇತ್ತು, ಬರೋದು ತಡ ಆಯ್ತು. ನಮ್ಮಜ್ಜಿ ಅಷ್ಟರಲ್ಲೇ ಬಂದು ಹೋದ್ಲೇನೋ?’ ಎಂದಳು. ಹೂಂ ಅಕ್ಕ, ಆಗಲೇ ಬಂದು ಹೋದಳು ಎಂದೆ. ‘ತಟ್ಟಿದ್ಲಾ?’ ಎಂದಳು. ತಟ್ಟಿದಳು ಎಂದೆ. ನನ್ನ ಮುಖ ನೋಡಿ, ‘ಸರಿ ಬಿಡು’ ಎಂದು ಕಂಬಿ ಹಿಡಿದು ಇಳಿದುಹೋದಳು. ಭಾವ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಾ ಅವಳ ಹಿಂದೆ ಹೋದರು. ಅಂದಿನಿಂದ ನಾನು ಅವರ ಬೀದಿಯಲ್ಲಿ ನಡೆದಿಲ್ಲ. ಹಿಂದಿನ ಓಣಿಯಿಂದ ಸುತ್ತಿ ಬರುತ್ತೇನೆ, ಆ ಓಣಿಯ ನಾಯಿಗೂ ನನ್ನ ಗುರುತು ಹತ್ತಿಬಿಟ್ಟಿದೆ. ಬರುವ ಭಾನುವಾರ ಅವಳ ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಸಿನಿಮಾ ನೋಡಲು ಹೋಗುತ್ತಾರಂತೆ. ಅಜ್ಜಿ ಎಲ್ಲಮ್ಮಾ ಎಂದು ಅವರು ಕೇಳಿದಾಗ ನಿಮ್ಮಮ್ಮ ಏನು ಹೇಳಬೇಕು? ಅವರ ಮಧ್ಯೆ ಅವಳನ್ನು ಸುಳ್ಳಿ ಮಾಡಿದವನು ನಾನು. ಊರಿನ ಬೀಗವೆಲ್ಲ ತೆಗೆದ ಕೈ ಇದು, ಈಗ ಅಕ್ಕನ ಮನೆಯ ಚಿಲಕದವರೆಗೂ ಹೋಗುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ. ಸಿನಿಮಾದಲ್ಲಿ ನಮ್ಮ ಆಟ ಇಲ್ಲ, ಒಂದು ಗೊರಕೆಯಷ್ಟು ಇದೆ. ಉಳಿದದ್ದನ್ನು ನಿನ್ನ ಮಾವ ನುಂಗಿದ. ಸಹಿಯ ವಿಷಯ ನಿನಗೆ ಬಿಟ್ಟದ್ದು. ಬೈದು ಬರೆದರೂ ಪರವಾಗಿಲ್ಲ, ಬರೆಯದೆ ಇರಬೇಡ. ಸುರಂಗದ ಆಚೆಯ ಬೆಳಕು ನಿನಗೆ ಬೇಗ ಕಾಣಲಿ. ಜೊತೆಗೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳು, ಈ ಪತ್ರ ಮಾತ್ರ ತೋರಿಸಬೇಡ.

ತಲೆ ತಗ್ಗಿಸಿಕೊಂಡು,
ನಿನ್ನ ಬೀಗದ ಮಾವ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ಟಕ್ ಟಕ್ ಎಂದಿತು. ಅಂಗಡಿಯ ಬಾಗಿಲು ಪೂರ್ತಿ ತೆರೆದೇ ಇದೆ, ಆದರೂ ಅಕ್ಕ ಚೌಕಟ್ಟು ತಟ್ಟಿ ನಿಂತಿದ್ದಾಳೆ, ಕೈಯಲ್ಲಿ ನನಗೆಂದು ತಂದ ಊಟದ ಡಬ್ಬಿ. ಎದ್ದು ನಿಂತು ಎಲ್ಲ ಹೇಳಿಬಿಟ್ಟೆ, ಚಹಾ ಲೋಟದವರೆಗೂ. ಅವಳು ಡಬ್ಬಿ ಮೇಜಿನ ಮೇಲಿಟ್ಟು, ‘ಗೊತ್ತು ಕಣೋ. ನಾನು ನೀರಿಗೆ ಹೋಗೇ ಇರ್ಲಿಲ್ಲ. ನೀನೇ ಹೇಳ್ತೀಯೇನೋ ಅಂತ ಕೇಳ್ದೆ’ ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ತೀರ್ಪು ಕೊಟ್ಟಳು: ‘ಭಾನುವಾರ ನೀನೂ ಬಾ. ಮುಂದಿನ ಸಾಲು ಬೇಡ, ನಮ್ಮ ಸಾಲಲ್ಲಿ ಕೂತ್ಕೋ. ಬಾಗಿಲು ತೆಗೆಸಿದ್ದು ಯಾರು ಅಂತ ಅವರಿಗೆ ನೀನೇ ಹೇಳು. ಪೈಜಾಮ ಹರಿದಿದ್ದನ್ನೂ ಬಿಡಬೇಡ.’ ನಿರ್ದೇಶಕರಿಗೂ ಈಗಷ್ಟೇ ಫೋನ್ ಮಾಡಿ ಹೇಳಿದೆ. ಅವರು ಅಕ್ಕನ ಮನೆ ಎಲ್ಲಿ ಎಂದು ಕೇಳಿದರು. ಅವರು ಬಂದು ಅವಳನ್ನು ಕೇಳಿ ಹೋಗುವವರೆಗೆ ನೀನು ಸಹಿ ಹಾಕಬೇಡ. ಭಾನುವಾರ ನಾನು ಹೋಗುತ್ತೇನೆ. ಅಷ್ಟು ಹೆಂಗಸರ ಮಧ್ಯೆ ಮೊದಲ ಮಾತಿಗೇ ಗಂಟಲು ಒಣಗುವುದು ಖಂಡಿತ. ನೀರಿನ ಸಾಲಿಗೆ ಮಾತ್ರ ಎದ್ದು ಹೋಗುವುದಿಲ್ಲ.