ಓಬಳಮ್ಮನ ಬೀಜದ ಕೋಣೆ ಕರೆದಾಗ

ಚಳ್ಳಕೆರೆ, ೨೧೭೪ನೇ ಇಸವಿ, ಎರಡನೇ ಬೇಸಿಗೆಯ ಮೂವತ್ತೇಳನೇ ದಿನ

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ನಾಗಲತೆಯ ನಮಸ್ಕಾರಗಳು.

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಂಡೀತು. ನಮಗೀಗ ವರ್ಷಕ್ಕೆ ಎರಡು ಬೇಸಿಗೆ, ಅದಕ್ಕೇ ಹೀಗೆ ಬರೆಯುತ್ತೇವೆ. ನನ್ನ ಇನ್ನೂ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ಫೋನನ್ನು ಮಾತ್ರ ನಾವೂ ಫೋನೆಂದೇ ಕರೆಯುತ್ತೇವೆ, ಅದೀಗ ಕಿವಿಯ ಹಿಂದೆ ಅಂಟಿಕೊಳ್ಳುವ ಹುಣಸೆಬೀಜದಷ್ಟು ವಸ್ತುವಾಗಿದ್ದರೂ.

ನಾನು ಸೂಲಗಿತ್ತಿ. ನಮ್ಮಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಮೌನಹೊತ್ತು. ಬಿಸಿಲಿನ ಆ ಐದು ಗಂಟೆ ಬೀದಿಯ ನೆರಳುಚಾವಣಿಗಳ ಕೆಳಗೂ ಯಾರೂ ಓಡಾಡುವುದಿಲ್ಲ. ಅಂಗಡಿ ಮುಚ್ಚಿ, ಪರದೆ ಎಳೆದು, ಫೋನಿನ ದನಿ ಅಡಗಿಸಿ ಊರೇ ಮಲಗುತ್ತದೆ. ದನಿ ಅಡಗಿಸಲು ಕಾರಣವಿದೆ. ನಮ್ಮ ಮನೆಗಳು ಬಾಯಿಬಡುಕ ಮನೆಗಳು. ಬಟ್ಟೆ ಒಣಗಿತು, ಮೊಸರು ಹೆಪ್ಪುಗಟ್ಟಿತು, ತೊಟ್ಟಿಯ ನೀರು ಅರ್ಧಕ್ಕಿಳಿಯಿತು, ಹಿತ್ತಲ ಬಾಗಿಲಲ್ಲಿ ಬೆಕ್ಕು ನಿಂತಿದೆ ಎಂದು ದಿನಕ್ಕೆ ನಲವತ್ತು ಸಲ ಸುದ್ದಿ ಕಳಿಸುತ್ತವೆ. ಬೆಳಗಿನ ಜಾವ ಎರಡು ಹೆರಿಗೆ ಮಾಡಿಸಿ ಬಂದವಳಿಗೆ ಬೆಕ್ಕಿನ ಸುದ್ದಿ ಬೇಕಿರಲಿಲ್ಲ.

ನನ್ನ ಮನೆಯಲ್ಲಿ ಜೊತೆಗಿದ್ದವರು ಚಿಕ್ಕಮ್ಮ ಓಬಳಮ್ಮ, ನನ್ನ ತಾಯಿಯ ತಂಗಿ. ಮೂವತ್ತೊಂದು ವರ್ಷ ಊರೂರು ಅಲೆದು, ಯಾರೂ ಬಿತ್ತದೆ ಬಿಟ್ಟ ಕಿರುಧಾನ್ಯಗಳ ಬೀಜ ಕೂಡಿಹಾಕಿದ್ದರು. ನಲವತ್ತಮೂರು ಬಗೆ. ಕೆಲವು ಒಂದೊಂದು ಹಿಡಿ, ಕೆಲವು ಬೆರಳೆಣಿಕೆಯ ಕಾಳು. ನನ್ನ ಮಲಗುವ ಕೋಣೆಗೆ ಹೊಂದಿಕೊಂಡ ಸಣ್ಣ ತಂಪುಕೋಣೆಯಲ್ಲಿ, ಗಾಜಿನ ಶೀಶೆಗಳಲ್ಲಿ ಅವು ಇದ್ದವು.

ಹೋದ ವರ್ಷಕ್ಕೂ ಹಿಂದಿನ ವರ್ಷ ಚಿಕ್ಕಮ್ಮ ಮೊಳಕೆ ಪರೀಕ್ಷೆ ಕಲಿಸಲು ನಾಲ್ಕು ದಿನ ರಾಯಚೂರಿಗೆ ಹೊರಟರು. ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ಹೇಳಿದರು: "ಲತಾ, ಮನೇದು ಎಲ್ಲಾದರ ಬಾಯಿ ಮುಚ್ಚಿಸು, ನಂದೇನೂ ಇಲ್ಲ. ಬೀಜದ ಕೋಣೇದೊಂದು ಮಾತ್ರ ನಿನ್ನನ್ನ ಎಬ್ಬಿಸೋ ಹಂಗಿರಲಿ."

ನಾನು ಅವರೆದುರೇ ಫೋನಿನಲ್ಲಿ ಬೀಜದ ಕೋಣೆಗೆ ಮೌನ ಮುರಿಯಲು ಅನುಮತಿ ಕೊಟ್ಟೆ. ಆದರೆ ಅದು ಅರ್ಧ ಕೆಲಸ. ಫೋನು ಬಾಗಿಲು ತೆರೆದರೆ ಸಾಲದು, ಮನೆಯೂ ಆ ಸುದ್ದಿಯನ್ನು ತುರ್ತು ಎಂದು ಗುರುತು ಹಾಕಿ ಕಳಿಸಬೇಕು. ನಮ್ಮ ಮನೆಯ ಪಟ್ಟಿಯಲ್ಲಿ ಬೀಜದ ಕೋಣೆ ಮೊಸರು, ಬಟ್ಟೆಗಳ ಸಾಲಿನಲ್ಲೇ ಇತ್ತು. ಒಮ್ಮೆ ಪರೀಕ್ಷಿಸಿ ನೋಡುತ್ತೀರಾ ಎಂದು ಫೋನು ಕೇಳಿತು. ಅಷ್ಟರಲ್ಲಿ ಹೆರಿಗೆಗೆ ಕರೆ ಬಂತು. ಆಮೇಲೆ ನೋಡೋಣವೆಂದು ಓಡಿದೆ. ಆ ಹೆರಿಗೆ ಮರುದಿನಕ್ಕೆ ಮುಗಿಯಿತು, ಆಮೇಲೆ ನೋಡುವುದನ್ನು ನಾನು ಮರೆತೆ.

ಮೂರನೇ ದಿನ ಮೌನಹೊತ್ತಿನಲ್ಲಿ, ಕಟ್ಟಡದ ಬಿಸಿಗಾಳಿಯನ್ನೆಲ್ಲ ಹೊರಗೆ ತಳ್ಳುವ ಕೊಳವೆಯ ಮುಚ್ಚಳ ಕಳಚಿ, ಆ ಗಾಳಿ ಬೀಜದ ಕೋಣೆಗೆ ನುಗ್ಗಿತು. ನಾನು ಗೋಡೆಯ ಈಚೆ ಮಲಗಿದ್ದೆ. ನಿದ್ದೆಯಲ್ಲಿ ಹೊರಳಿದಾಗ ಕೈಗೆ ಗೋಡೆಯ ಬಿಸಿ ತಗುಲಿದ್ದು ನೆನಪಿದೆ. ಬೇಸಿಗೆಯಲ್ಲವೇ ಎಂದುಕೊಂಡು ಮಗ್ಗುಲು ಬದಲಿಸಿದೆ. ನಾಲ್ಕಕ್ಕೆ ಎದ್ದು ಆ ಬಾಗಿಲು ತೆರೆದಾಗ ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಒಳಗೆ ಎಪ್ಪತ್ತು ಡಿಗ್ರಿ. ಶೀಶೆಗಳನ್ನು ಬರಿಗೈಯಲ್ಲಿ ಹಿಡಿಯಲಾಗಲಿಲ್ಲ. ಸೀರೆಯ ಸೆರಗು ಸುತ್ತಿ ಒಂದೊಂದಾಗಿ ಹೊರಗಿಟ್ಟೆ. ಕಾಳುಗಳು ನೋಡಲು ಮೊದಲಿನ ಹಾಗೆಯೇ ಇದ್ದವು. ಅದನ್ನೇ ನೋಡುತ್ತಾ ಏನೂ ಆಗಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಚಿಕ್ಕಮ್ಮ ಬಂದರು. ಕೊಳವೆಯ ಮುಚ್ಚಳ ಕಳಚಿದ್ದನ್ನು ಹೇಳಿದೆ. ಜೊತೆಗೆ, ಇಂದಿಗೂ ನಾಚಿಕೆಯಾಗುವ ಮಾತೊಂದನ್ನೂ ಹೇಳಿದೆ: ಮನೆ ನನಗೆ ಯಾವ ಸುದ್ದಿಯನ್ನೂ ಕಳಿಸಲಿಲ್ಲ ಎಂದೆ. ಅವರು ಅಡುಗೆಮನೆಯ ಗೋಡೆಯ ಬಳಿ ಹೋಗಿ, ಮನೆ ತಾನೇ ಬರೆದಿಡುವ ದಿನಚರಿಯನ್ನು ತೆರೆದು, ಬೆರಳಿಟ್ಟು ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

"ಹದಿನೇಳು ಸಲ ಕರೆದೈತೆ ಕಣೆ."

ಅಷ್ಟೇ. ನಾನು ಅಳುತ್ತಾ ನಡೆದದ್ದೆಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕೈಕಾಲು ತೊಳೆದು ಬಂದು ಹಳೇ ಪಂಚೆಯೊಂದನ್ನು ಹರಿದು ನಲವತ್ತಮೂರು ತುಂಡು ಮಾಡಿದರು. ಪ್ರತಿ ಒದ್ದೆ ತುಂಡಿನಲ್ಲಿ ಒಂದೊಂದು ಬಗೆಯ ನಾಲ್ಕಾರು ಕಾಳಿಟ್ಟು ಮಡಿಸಿದರು. ಆರು ದಿನ ಇಬ್ಬರೂ ಸರದಿಯಲ್ಲಿ ನೀರು ಚಿಮುಕಿಸಿದೆವು. ಏಳನೇ ದಿನ ಬಿಚ್ಚಿದರೆ ಐದರಲ್ಲಿ ಮಾತ್ರ ಬೆಳ್ಳಗೆ ಬೇರು ಮೂಡಿತ್ತು. ಉಳಿದ ಮೂವತ್ತೆಂಟು ತುಂಡುಗಳನ್ನು ಚಿಕ್ಕಮ್ಮ ಮತ್ತೆ ಮಡಿಸಿ, ಒದ್ದೆ ಮಾಡಿ, ಇನ್ನೂ ಹತ್ತು ದಿನ ಇಟ್ಟುಕೊಂಡಿದ್ದರು.

ಆಗ ಅವರಿಗೆ ಅರವತ್ತೆಂಟು. ಕಳೆದುಕೊಂಡದ್ದನ್ನು ಹುಡುಕುತ್ತಾ ಮತ್ತೆ ಊರೂರು ಹೊರಟರು, ಈ ಸಲ ನಾನೂ ಜೊತೆಗೆ. ಒಂದೂವರೆ ವರ್ಷದಲ್ಲಿ ಎಂಟು ಬಗೆ ಸಿಕ್ಕವು. ಮೊದಲ ಸಲ ಅವರಿಗೆ ಬೀಜ ಕೊಟ್ಟಿದ್ದವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು. ಈ ವರ್ಷದ ಮೊದಲ ಬೇಸಿಗೆಯಲ್ಲಿ ಚಿಕ್ಕಮ್ಮನೂ ಹೋದರು. ಕಡೆಯವರೆಗೂ ಆ ಮಧ್ಯಾಹ್ನದ ಮಾತು ಎತ್ತಲಿಲ್ಲ. ಅವರು ಒಮ್ಮೆಯಾದರೂ ಬೈದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೋ ಏನೋ.

ನಿಮ್ಮ ಫೋನುಗಳಲ್ಲೂ ದನಿ ಅಡಗಿಸುವ ಏರ್ಪಾಡಿದೆ, ಅದನ್ನು ಮುರಿದು ಬರಲು ಕೆಲವಕ್ಕೆ ಅನುಮತಿ ಕೊಡುವ ದಾರಿಯೂ ಇದೆ ಎಂದು ಓದಿದ್ದೇನೆ. ಹೊಗೆ, ನೀರು, ಬಾಗಿಲು, ನಿಮ್ಮ ಮನೆಯಲ್ಲಿ ಯಾವುದು ಮುಖ್ಯವೋ ಅದಕ್ಕೆ ಮಾತ್ರ ಕೊಡಿ. ಎಲ್ಲಕ್ಕೂ ಕೊಟ್ಟರೆ ಯಾವುದಕ್ಕೂ ಎದ್ದೇಳುವುದಿಲ್ಲ. ಕೊಟ್ಟ ಮೇಲೆ ಫೋನಿನ ದನಿ ಅಡಗಿಸಿ, ಮನೆಯವರಿಂದ ಒಮ್ಮೆ ಆ ಎಚ್ಚರಿಕೆಯ ಪರೀಕ್ಷೆ ಗುಂಡಿ ಒತ್ತಿಸಿ, ನಿಮ್ಮ ಕಿವಿಯಾರೆ ಕೇಳಿ. ಎರಡು ನಿಮಿಷದ ಕೆಲಸ.

ಇನ್ನೊಂದು ಬೇಡಿಕೆ. ಕರಿಗಿಡ್ಡ ನವಣೆ, ಮುಳ್ಳುತೆನೆ ಸಾವೆ, ಬೂದಿ ಹಾರಕ. ನಮ್ಮಲ್ಲಿ ಸತ್ತವುಗಳಲ್ಲಿ ಈ ಮೂರು ಚಿಕ್ಕಮ್ಮನಿಗೆ ಬಹಳ ಪ್ರೀತಿ. ನಿಮ್ಮ ಕಾಲದಲ್ಲಿ ಅವು ಯಾರದೋ ಹೊಲದ ಬದುವಿನಲ್ಲಿ ಇನ್ನೂ ಇರಬೇಕು. ಕಾಳು ಅಷ್ಟು ಕಡಿಮೆ ಇದ್ದುದರಿಂದ ನಾವು ಒಂದನ್ನೂ ಬೇಯಿಸಿ ತಿಂದವರಲ್ಲ. ಸಿಕ್ಕರೆ ಅನ್ನ ಮಾಡಿ ಉಂಡು, ಅದು ಹೇಗಿತ್ತೆಂದು ಎಲ್ಲಾದರೂ ಬರೆದಿಡಿ. ನಾನು ಹುಡುಕಿ ಓದುತ್ತೇನೆ.